ದಾರದ ನಂಬರ್ ಕೇಳಿದ ಕಾಕಾ

ಅರವತ್ತೈದು ವರ್ಷಗಳಲ್ಲಿ ನಮ್ಮ ಕಾಕಾನಿಗೆ ಒಮ್ಮೆಯೂ ಕಾಯಿಲೆ ಬಂದಿಲ್ಲ. ಬಂದದ್ದನ್ನು ಅವರು ಒಪ್ಪಿಕೊಂಡಿಲ್ಲ, ಅಷ್ಟೆ! ಜ್ವರ ಬಂದರೆ ಬಿಸಿಲಿನ ತಪ್ಪು, ಕೆಮ್ಮು ಬಂದರೆ ಧೂಳಿನ ತಪ್ಪು, ಮೊಣಕಾಲು ನೋವು ಬಂದರೆ ಮಗ್ಗ ಹೂಡಿದವನ ತಪ್ಪು. ಇಳಕಲ್ಲಿನಲ್ಲಿ ಸೀರೆ ನೇಯುವ ಈ ಮನುಷ್ಯನಿಗೆ ಮಕ್ಕಳಿಲ್ಲ. ಹೀಗಾಗಿ ದವಾಖಾನೆಗೆ ಎಳೆದೊಯ್ಯುವ ಕೆಲಸ ಅಣ್ಣನ ಮಗಳಾದ ನನ್ನ ಪಾಲಿಗೆ ಬಂದಿದೆ. ನಾನು ಹುನಗುಂದದಲ್ಲಿ ಶಾಲೆಯ ಟೀಚರು. ಅಲ್ಲಿ ನಲವತ್ತು ಮಕ್ಕಳು, ಇಲ್ಲಿ ಇವರೊಬ್ಬರು. ಯಾರು ಹೆಚ್ಚು ದಣಿಸುತ್ತಾರೆಂದು ದಯವಿಟ್ಟು ಕೇಳಬೇಡಿ!

ಅವರಿಗೊಂದು ಚಟ. ಮಗ್ಗದಿಂದ ಎದ್ದ ಕೂಡಲೇ ಗದ್ದಕ್ಕೊಂದು ಕೈ, ತಲೆಗೊಂದು ಕೈ ಕೊಟ್ಟು ಕುತ್ತಿಗೆಯನ್ನು ತಿರುವಿ ‘ಲಟಕ್’ ಎನ್ನಿಸುವುದು. ಬೇಡವೆಂದರೆ ಕೇಳಬೇಕಲ್ಲ? “ಲಟಕ್ ಅಂದ್ರನ ರಗತ ಹರಿಯೂದು” ಎನ್ನುತ್ತಿದ್ದರು. ಒಂದು ದಿನ ಆ ಲಟಕ್ ತುಸು ಜೋರಾಯಿತು. ತಲೆಯ ಹಿಂಭಾಗದಲ್ಲಿ ನೋವು ಹಿಡಿಯಿತು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾರೆ. ರೊಟ್ಟಿಗೆ ಚಾಚಿದ ಕೈ ಹೋಗಿ ಪಲ್ಯದಲ್ಲಿ ಬಿತ್ತು. ಮತ್ತೆ ಚಾಚಿದರು, ಈ ಸಲ ಮಜ್ಜಿಗೆಯಲ್ಲಿ! “ಗಂಗಾಳ ಸರಿ ಇಡಾಕ ಬರೂದಿಲ್ಲೇನ?” ಎಂದು ಹೆಂಡತಿಗೆ, ಅಂದರೆ ನಮ್ಮ ಕಾಕೂಗೇ, ಬೈದರಂತೆ. ಎದ್ದು ನಿಂತರೆ ಮೈ ಎಡಕ್ಕೆ ವಾಲಿತು. ಆಮೇಲೆ ವಾಂತಿ. ಹತ್ತಿರದ ಡಾಕ್ಟರು ಕಿವಿಯ ದೋಷವಿರಬಹುದೆಂದು ತಲೆಸುತ್ತಿನ ಗುಳಿಗೆ ಕೊಟ್ಟರು. ಅವರಾದರೂ ಏನು ಮಾಡಿಯಾರು? ಕಾಕಾ ಅವರ ಮುಂದೆ ತಲೆನೋವಿನ ಸುದ್ದಿಯನ್ನೇ ಎತ್ತಿರಲಿಲ್ಲ!

ಮರುದಿನ ಬೆಳಿಗ್ಗೆ ಕಾಕೂ ಫೋನ್ ಮಾಡಿ ಅತ್ತರು. ಹೆಡ್ ಮಾಸ್ತರರ ಮುಖ ನೋಡದೆಯೇ ರಜೆ ಅರ್ಜಿ ಇಟ್ಟು ಹೊರಟೆ. ಹೋಗಿ ನೋಡಿದರೆ ಕಾಕಾ ಗೋಡೆ ಹಿಡಿದು ನಿಂತಿದ್ದಾರೆ.

“ಕಾಕಾ, ಆಂಬುಲೆನ್ಸ್ ಕರಸ್ತೇನಿ.”

“ಅದರಾಗ ಜಡ್ಡಾದವ್ರು ಹೋಗ್ತಾರ. ನಾ ಬಸ್ಸಿಗೆ ಬರ್ತೇನಿ.”

ಕೊನೆಗೆ ಪಕ್ಕದ ಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ಬಾಗಲಕೋಟೆಗೆ ಹೊರಟೆವು. ದಾರಿಯಲ್ಲಿ ಎರಡು ಸಲ ವಾಂತಿ. ಸಿಹಿತಿಂಡಿಗೆ ಹೆಸರಾದ ಅಮೀನಗಡ ಬಂದಾಗ ಕಣ್ಣು ಮುಚ್ಚಿಕೊಂಡೇ “ಕರದಂಟು ತಗೋರಿ, ಬರಿಗೈಲೆ ಹೋಗಬಾರದು” ಎಂದರು. ಡಾಕ್ಟರ ಮನೆಗೆ ಬೀಗತನಕ್ಕೆ ಹೊರಟಂತೆ!

ಬಾಗಲಕೋಟೆಯ ದೊಡ್ಡ ಆಸ್ಪತ್ರೆಯಲ್ಲಿದ್ದವರು ತಾಳ್ಮೆಯ ಡಾಕ್ಟರು. ತಮ್ಮ ಬೆರಳನ್ನು ಮುಂದೆ ಹಿಡಿದು, “ಇದನ್ನ ಮುಟ್ಟಿ, ಆಮ್ಯಾಲೆ ನಿಮ್ಮ ಮೂಗು ಮುಟ್ಟಿಕೊಳ್ರಿ” ಎಂದರು. ಕಾಕಾನ ಬೆರಳು ಗಾಳಿಯಲ್ಲಿ ತಡವರಿಸಿ ಕೆನ್ನೆಗೆ ತಿವಿಯಿತು.

“ಡಾಕ್ಟರ್ರ, ನಿಮ್ಮ ಕೈ ನಡಗಾಕತ್ತೈತ್ರಿ” ಎಂದರು ಕಾಕಾ.

ಗೆರೆ ಹಿಡಿದು ನಡೆಯಿರಿ ಎಂದರೆ ನೆಲ ಸೊಟ್ಟ ಎಂದರು. ಡಾಕ್ಟರು ನಕ್ಕರು. ಆದರೆ ತಡಮಾಡದೆ ಸ್ಕ್ಯಾನಿಗೆ ಕಳಿಸಿದರು. ನರದೊಳಗೆ ಔಷಧ ಬಿಟ್ಟು ರಕ್ತನಾಳಗಳ ಚಿತ್ರ ತೆಗೆಸಿದರು. ಚಿತ್ರ ನೋಡಿ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

“ತಲೆಯ ಹಿಂದ, ಕೆಳಗ, ಕಿರುಮೆದುಳು ಇರತೈತಿ. ಕೈಕಾಲು ಅಳತಿ ತಪ್ಪದಂಗ ನೋಡಿಕೊಳ್ಳೂದು ಅದ. ಅದಕ್ಕ ರಕ್ತ ಒಯ್ಯೋ ನಾಳದ ಒಳಪದರ ಹರಿದೈತಿ. ರಕ್ತ ಪದರಿನ ನಡುವ ನುಗ್ಗಿ ಗೋಡಿ ಉಬ್ಬೈತಿ. ಕುತ್ತಿಗಿ ತಿರುವಿದ್ದಕ್ಕ ಆಗಿರಬಹುದು, ಖಾತ್ರಿ ಹೇಳಾಕ ಬರೂದಿಲ್ಲ.”

“ಉಬ್ಬಿದ್ದು ಒಡೆದ್ರ?” ಎಂದು ಕೇಳಿದೆ.

ಡಾಕ್ಟರು ಕಾಕೂನ ಕಡೆ ನೋಡಿ, “ಒಡೆಯೂದರೊಳಗ ಮುಚ್ಚಬೇಕು” ಎಂದರು. ಕಾಕೂ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ತೊಡೆಯ ರಕ್ತನಾಳದಿಂದ ದಾರದಷ್ಟು ಸಣ್ಣ ಕೊಳವೆಯನ್ನು ತಲೆಯವರೆಗೆ ಒಯ್ದು, ಉಬ್ಬಿದ ಜಾಗದಲ್ಲಿ ಪ್ಲಾಟಿನಂ ತಂತಿಯ ಸುರುಳಿ ತುಂಬಿ ಮುಚ್ಚಬೇಕು. ಮುಚ್ಚುವಾಗ ಕಿರುಮೆದುಳಿಗೆ ರಕ್ತ ಕಡಿಮೆಯಾಗುವ ಅಪಾಯವೂ ಇದೆ. ಇಷ್ಟನ್ನೂ ಡಾಕ್ಟರು ಬಿಡಿಸಿ ಹೇಳಿದರು. ಎಲ್ಲ ಕೇಳಿದ ಕಾಕಾನದು ಒಂದೇ ಪ್ರಶ್ನೆ:

“ದಾರದಷ್ಟು ಅಂದ್ರಲ್ಲ, ಎಷ್ಟು ನಂಬರಿನ ದಾರ?”

ನೂಲಿನ ಸಣ್ಣ-ದಪ್ಪಕ್ಕೆ ನೇಕಾರರು ಹೇಳುವ ನಂಬರ್ ಡಾಕ್ಟರಿಗೆ ಗೊತ್ತಿರಲಿಲ್ಲ. “ದಾರದ ನಂಬರ್ ಗೊತ್ತಿಲ್ಲದವ್ರು ನನ್ನ ತಲ್ಯಾಗ ಕೈ ಹಾಕ್ತಾರೇನು?” ಎಂದು ಕಾಕಾ ಸಹಿ ಮಾಡದೆ ಪೆನ್ನು ಕೆಳಗಿಟ್ಟರು! ನಾನು ಬೇಡಿಕೊಂಡೆ, ಬೈದೆ, ಕೊನೆಗೆ ಸುಸ್ತಾಗಿ ಬೆಂಚಿನ ಮೇಲೆ ಕೂತೆ. ಆ ಡಾಕ್ಟರು ಎಂಥ ಪುಣ್ಯಾತ್ಮರೋ! ಒಳಗೆ ಹೋಗಿ ಕೊಳವೆಯ ಪೊಟ್ಟಣವನ್ನೇ ತಂದು ಕೈಗಿತ್ತರು. ಕಾಕಾ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು.

“ನೂಲು ಛಲೋ ಐತಿ” ಎಂದು ಸಹಿ ಹಾಕಿದರು.

ಒಳಗೊಯ್ಯುವಾಗ ಕಾಕೂಗೆ, “ನಿನಗ ಒಂದು ಮೂಗುತಿ ಮಾಡಿಸಲಿಲ್ಲ, ನನ್ನ ತಲೀಗೆ ಪ್ಲಾಟಿನಂ ನೋಡು” ಎಂದರು.

“ನೀವು ಹೊಳ್ಳಿ ಬರ್ರಿ, ಅಷ್ಟು ಸಾಕು” ಎಂದರು ಕಾಕೂ.

ಮೂರು ಗಂಟೆ ಕಳೆಯಿತು. ಆಮೇಲೆ ಡಾಕ್ಟರು ಹೊರಗೆ ಬಂದು, ಉಬ್ಬು ಮುಚ್ಚಿದೆ, ಕಿರುಮೆದುಳಿಗೆ ರಕ್ತವೂ ಹರಿಯುತ್ತಿದೆ ಎಂದರು.

ಗೆದ್ದೆವೆಂದುಕೊಂಡಿರಾ? ನನ್ನ ಪಾಡು ಶುರುವಾದದ್ದೇ ಆಗ! ಎರಡು ತಿಂಗಳು ಕಾಕಾ ಹಡಗಿನ ಮೇಲಿದ್ದವರಂತೆ ನಡೆದರು. ವಾಕರ್ ಕೊಟ್ಟರೆ ಅದರ ಮೇಲೆ ಟವೆಲ್ ಒಣಗಿಸಿದರು. ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಇಳಕಲ್ಲಿಗೆ ಹೋಗಿ, ವ್ಯಾಯಾಮ ಮಾಡಿಸಿ, ಬೈಸಿಕೊಂಡು ಮನೆಗೆ ಬರುವುದು ನನ್ನ ದಿನಚರಿಯಾಯಿತು. ಮೆಲ್ಲಮೆಲ್ಲನೆ ಹೆಜ್ಜೆ ನೆಟ್ಟಗಾಯಿತು. ಮತ್ತೆ ಮಗ್ಗಕ್ಕೆ ಕೂತರು.

ಆರು ತಿಂಗಳಿಗೆ ಮತ್ತೆ ಬಾಗಲಕೋಟೆಗೆ ಹೋಗಿ ಚಿತ್ರ ತೆಗೆಸಿದೆವು. ಎಲ್ಲ ಸರಿಯಾಗಿದೆ ಎಂದ ಡಾಕ್ಟರು, “ಮತ್ತೇನರ ಕೇಳೂದು ಐತೇನ್ರಿ?” ಎಂದರು. ಬೇಡಪ್ಪಾ, ಇನ್ನೇನೂ ಕೇಳದಿರಲಿ ಎಂದು ನಾನು ನಿಂತಲ್ಲೇ ಫೈಲು ಜೋಡಿಸತೊಡಗಿದೆ.

“ಐತ್ರಿ” ಎಂದರು ಕಾಕಾ. “ನಂದು ಆತು. ಈಕಿದು ಒಂದೀಟು ನೋಡ್ರಿ. ಆರು ತಿಂಗಳ ಆತು, ಬಸ್ಸಿನ್ಯಾಗ ನಿಂತಽ ಬರ್ತಾಳ, ಉಂಡೇನಿ ಅಂತ ಸುಳ್ಳ ಹೇಳ್ತಾಳ. ಕಣ್ಣ ನೋಡ್ರಿ, ಹೆಂಗ ಒಳಗ ಹೋಗ್ಯಾವ. ಕೇಳಿದ್ರ ಏನೂ ಆಗಿಲ್ಲ ಅಂತಾಳ.”

ಏನೂ ಆಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ನನ್ನ ಕಡೆ ಸರಿಸಿದರು.

“ಕುಂಡ್ರು ಯವ್ವಾ” ಎಂದರು.