ಭಗವಂತರಾಯರು ಕಂಡ ಹಾವಿನ ಹಳಿ

ರಹಸ್ಯವೆಂಬುದು ಮುಚ್ಚಿಡಬೇಕಾದ ವಸ್ತುವೇ ಹೊರತು ಜಾಹೀರಾತು ಕೊಟ್ಟು ಸಾರಬೇಕಾದ ವಸ್ತುವಲ್ಲ. ಇದು ಭಗವಂತರಾಯರ ಖಚಿತವಾದ ಅಭಿಪ್ರಾಯ. ಆದ್ದರಿಂದ ತೊಂಬತ್ತೆಂಟನೆಯ ಇಸವಿಯ ಬೇಸಿಗೆಗೆ ಮುಂಚೆ ‘ಆನಂದಲೋಕ’ವೆಂಬ ವಿನೋದ ಉದ್ಯಾನದವರು, “ದಕ್ಷಿಣ ಭಾರತದಲ್ಲೇ ಮೊಟ್ಟಮೊದಲ ಮಹಾಸವಾರಿ. ಅದೇನೆಂದು ಈಗ ಹೇಳುವುದಿಲ್ಲ” ಎಂದು ಪತ್ರಿಕೆಯ ಕಾಲು ಪುಟ ತುಂಬ ಅಚ್ಚುಹಾಕಿಸಿದಾಗ, ರಾಯರು ಅದನ್ನು ಸಮಸ್ತ ಓದುಗರಿಗೆ, ವಿಶೇಷವಾಗಿ ತಮಗೆ, ಮಾಡಿದ ಅವಮಾನವೆಂದೇ ತೆಗೆದುಕೊಂಡರು. ಉದ್ಯಾನವಾದರೂ ದೂರದಲ್ಲಿತ್ತೇ? ಹೊರಮಾವಿನಲ್ಲಿ ಅವರ ಮನೆಯ ಹಿಂದಿನ ಬೀದಿ ದಾಟಿದರೆ ಅದರ ತಗಡಿನ ಬೇಲಿ; ಬಾಗಿಲು ಮಾತ್ರ ಮೈಲಿ ಸುತ್ತಿ ಹೋಗಬೇಕಾದ ಆಚೆ ಬದಿಯಲ್ಲಿ. ಒಬ್ಬ ಮರ್ಯಾದಸ್ಥನ ಹಿತ್ತಲಲ್ಲೇ ನಿಂತು “ನಿನಗೆ ಹೇಳುವುದಿಲ್ಲ” ಎನ್ನುವುದು ಯಾವ ಸೀಮೆಯ ನಾಗರಿಕತೆ?

“ಮೊಟ್ಟಮೊದಲಂತೆ. ಅದೇನು ಅಂತ ಹೇಳದೆ ಮೊದಲು ಅಂದ್ರೆ, ಪರಿಶೀಲಿಸೋದು ಹೇಗೆ?” ಎಂದು ಅವರು ಅಡುಗೆಮನೆಯ ಕಡೆಗೆ ತಿರುಗಿ ಕೇಳಿದರು.

“ಪರಿಶೀಲನೆ ಮಾಡಿಕೊಡಿ ಅಂತ ಅವ್ರೇನು ನಿಮ್ಮನ್ನ ಕೇಳಿದ್ರಾ?” ಎಂದು ತೆಂಗಿನಕಾಯಿ ತುರಿಯುತ್ತಿದ್ದ ಪತ್ನಿ ಶಾಂತಕುಮಾರಿ ಅಡುಗೆಮನೆಯಿಂದಲೇ ಕೇಳಿದರು.

ಬೀದಿಯಲ್ಲಿ ಕೆಲವರು ರಾಯರನ್ನು ‘ಸ್ಟೇಷನ್ ಮಾಸ್ಟರು’ ಎನ್ನುವುದುಂಟು. ಅದು ತಪ್ಪು. ಅವರು ರೈಲ್ವೆಯಲ್ಲಿ ಟಿಕೆಟ್ ಕಿಟಕಿಯ ಮುಖ್ಯ ಗುಮಾಸ್ತರಾಗಿ ನಿವೃತ್ತರಾದವರು. ಒಂದು ಸುಳ್ಳು ಪದವಿಯನ್ನು ಹೊತ್ತು ತಿರುಗುವುದಕ್ಕಿಂತ ನಿಜವಾದ ಸಣ್ಣ ಪದವಿ ಮೇಲೆಂದು ಅವರೇ ಎಷ್ಟೋ ಸಲ ತಿದ್ದಿದ್ದಾರೆ. ಆದರೂ ಹಳಿಗಳ ಪಕ್ಕದಲ್ಲಿ ಮೂರು ದಶಕ ಕುಳಿತವನಿಗೆ ಹಳಿಯ ಜ್ಞಾನ ತಾನಾಗಿಯೇ ಅಂಟುತ್ತದೆಂದು (ಕಾಫಿ ಪುಡಿ ಅಂಗಡಿಯವನಿಗೆ ವಾಸನೆ ಅಂಟಿದ ಹಾಗೆ) ಅವರ ನಂಬಿಕೆ.

ಇನ್ನು ಆ ಮನೆಯ ಪತ್ರಿಕಾ ಸಂಪ್ರದಾಯ. ಬೆಳಿಗ್ಗೆ ಏಳಕ್ಕೆ ಪತ್ರಿಕೆ ಬಂದು ಬಾಗಿಲಿಗೆ ಬೀಳುತ್ತದೆ. ಅದರ ಮಡಿಕೆಯನ್ನು ಬಿಚ್ಚುವ ಹಕ್ಕು ರಾಯರದು. ತಪ್ಪು ಕಂಡಲ್ಲಿ ಕೆಂಪು ಶಾಯಿ. ಅಕ್ಷಮ್ಯ ತಪ್ಪಾದರೆ ಕತ್ತರಿ. ಕತ್ತರಿಸಿದ ತುಂಡು ಕಡತಕ್ಕೆ ಹೋಗುತ್ತದೆ. ಊಟದ ಹೊತ್ತಿಗೆ ಶಾಂತಕುಮಾರಿಯವರ ಕೈ ಸೇರುವಾಗ ಪತ್ರಿಕೆ ಇಲಿ ಹೊಕ್ಕ ಸೊಳ್ಳೆಪರದೆಯಂತಿರುತ್ತದೆ. ಸಂಪಾದಕರು ತಮ್ಮ ಅತಿ ದೊಡ್ಡ ತಪ್ಪನ್ನು ಪ್ರತಿದಿನವೂ ಪದಬಂಧದ ಬೆನ್ನಿಗೇ ಅಚ್ಚುಮಾಡುತ್ತಾರೆಂದು ಆಕೆಯ ದೃಢವಾದ ಅನುಮಾನ. ಪದಬಂಧವೊಂದೇ ಆಕೆಗೆ ಪತ್ರಿಕೆಯಲ್ಲಿ ಬೇಕಾದದ್ದು, ಅದೊಂದೇ ಸಿಗದಿರುವುದು.

ರಹಸ್ಯವನ್ನು ಭೇದಿಸಲು ರಾಯರು ಆರಿಸಿಕೊಂಡ ಸ್ಥಳ ನೆರೆಮನೆಯ ಮುನಿರಾಜರ ಮೂರನೆಯ ಮಹಡಿಯ ತಾರಸಿ. ಮುನಿರಾಜರು ಆ ಊರಿನ ಹಳೆಯ ಒಕ್ಕಲು ಮನೆತನದವರು. ಆನಂದಲೋಕ ನಿಂತಿರುವ ನೆಲದಲ್ಲಿ ಅವರ ತಂದೆ ರಾಗಿ ಬೆಳೆದಿದ್ದರು. ಮುನಿರಾಜರು ಅದನ್ನು ಮಾರಿದ ದುಡ್ಡಿನಲ್ಲಿ ಮೂರು ಮಹಡಿ ಬೆಳೆದರು. ಒಂದು ಸಂಜೆ ರಾಯರು ಕೊಡೆಯನ್ನು ಬೆತ್ತದಂತೆ ಹಿಡಿದು, ಶಾಂತಕುಮಾರಿಯವರನ್ನು ಸಾಕ್ಷಿಯಾಗಿ ಕರೆದುಕೊಂಡು ತಾರಸಿ ಏರಿದರು.

ಕೆಳಗೆ ಕಂಡದ್ದು ಎರಡೇ ಸಂಗತಿ. ಒಂದು, ಎತ್ತರವಾದ ಕಬ್ಬಿಣದ ಗೋಪುರ. ಅದರ ನೆತ್ತಿಯ ಮೇಲೊಂದು ತೊಟ್ಟಿ. ಎರಡು, ಈ ಕಡೆಗೆ ತೆರೆದುಕೊಂಡಿದ್ದ ಎತ್ತರದ, ಉದ್ದನೆಯ ತಗಡಿನ ಚಪ್ಪರದ ಕೆಳಗೆ, ಸೊಂಟದೆತ್ತರದಲ್ಲಿ ಜೋಡಿ ಜೋಡಿಯಾಗಿ ಸಾಗಿದ ಉಕ್ಕಿನ ಕೊಳವೆಗಳು. ಅವು ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ, ಮತ್ತೆ ಬಂದು, ಮತ್ತೆ ತಿರುಗಿ, ಕೊನೆಗೆ ಗೋಪುರದ ಬುಡದಲ್ಲಿ ಮುಗಿಯುತ್ತಿದ್ದವು.

ರಾಯರು ಬಹಳ ಹೊತ್ತು ನೋಡಲಿಲ್ಲ. ಬೇಕಾಗಲೂ ಇಲ್ಲ.

“ಹಳಿ,” ಎಂದರು. “ಹಾವಿನ ಹಳಿ. ಗಾಡಿ ಹಳಿ ಮೇಲೆ ಓಡೋದಲ್ಲ, ಎರಡು ಕೊಳವೆಗಳ ನಡುವೆ ತೂಗಾಡಿಕೊಂಡು ಹೋಗೋದು. ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ. ಅಗಲ ನೋಡಿ, ಒಬ್ಬ ಮನುಷ್ಯ ಹಿಡಿಸೋ ಅಷ್ಟೇ ಇದೆ.”

“ಅದಕ್ಕೆ ಮೇಲೆ ಫ್ಯಾನ್ ಯಾಕ್ ಹಾಕವ್ರೆ ಸಾರ್?” ಎಂದು ಮುನಿರಾಜರು ಕೇಳಿದರು. ಚಪ್ಪರದುದ್ದಕ್ಕೂ ಫ್ಯಾನುಗಳು ತೂಗುತ್ತಿದ್ದುದು ನಿಜ.

“ಒಳ್ಳೆ ಪ್ರಶ್ನೆ. ಇದು ಸಂಸಾರಸ್ಥರ ಸವಾರಿ. ವೇಗ ಇರೋದಿಲ್ಲ. ವೇಗ ಇಲ್ಲದ ಮೇಲೆ ಮುಖಕ್ಕೆ ಗಾಳಿ ಎಲ್ಲಿಂದ ಬರಬೇಕು? ಅದನ್ನ ಫ್ಯಾನಿನಿಂದ ಒದಗಿಸ್ತಾರೆ. ಭ್ರಮೆ, ಮುನಿರಾಜ್, ಭ್ರಮೆ. ವಿನೋದದ ಮೂಲತತ್ವವೇ ಅದು.”

“ನಡುವೆ ಕುಡಿಯೋ ನೀರಿನ ನಲ್ಲಿ ಇದೆಯಲ್ಲ?” ಎಂದರು ಶಾಂತಕುಮಾರಿ.

“ತಲೆ ತಿರುಗಿದವರಿಗೆ.”

ಮಗನ ಹಿಂದೆಯೇ ಮೆಟ್ಟಿಲೇರಿ ಬಂದಿದ್ದ ಮುನಿರಾಜರ ತಾಯಿ ಆಂಜನಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. “ಏನೋಪ್ಪ. ನಮ್ ಕಾಲ್ದಲ್ಲಿ ದನಕ್ಕೆ ಸೂಜಿ ಹಾಕೋಕೆ ಹಿಂಗೇ ಗಳ ಕಟ್ಟೋರು. ಒಂದ್ರ ಹಿಂದೆ ಒಂದು ನುಗ್ಸೋರು,” ಎಂದರು.

ರಾಯರು ಹಿರಿಯರ ಮಾತಿಗೆ ಕೊಡಬೇಕಾದ ಗೌರವವನ್ನು ಕೊಟ್ಟು, ಅಂದರೆ ಉತ್ತರ ಕೊಡದೆ, ಕೊಡೆಯನ್ನು ಗೋಪುರದತ್ತ ತಿರುಗಿಸಿದರು. “ಅದು ನೀರಿನ ಟ್ಯಾಂಕು. ಇಷ್ಟು ಜನ ಸೇರೋ ಜಾಗಕ್ಕೆ ನೀರು ಬೇಡವೇ?”

“ಟ್ಯಾಂಕಿಗೆ ಅಷ್ಟು ಅಗಲದ ಮೆಟ್ಟಿಲು ಯಾಕ್ರೀ?”

“ತೊಳೆಯೋರು ಹತ್ತಬೇಕಲ್ಲ.”

“ಆ ಕಡೆ ಜಾರೋ ಹಾಗೆ ತಗಡು ಇಳಿಬಿಟ್ಟಿದ್ದಾರೆ.”

“ತುಂಬಿ ಹೆಚ್ಚಾದ ನೀರು ಹರಿದುಹೋಗೋಕೆ. ಶಾಂತಾ, ತಾಂತ್ರಿಕ ವಿಷಯ ಇದು.”

ಶಾಂತಕುಮಾರಿಯವರು ಇನ್ನೊಮ್ಮೆ ಆ ಕೊಳವೆಗಳನ್ನು ನೋಡಿದರು. ಅವರ ಮುಖದಲ್ಲಿ ಹಳೆಯ ಪರಿಚಿತರನ್ನು ಅನಿರೀಕ್ಷಿತವಾಗಿ ಕಂಡವರ ನಗೆಯೊಂದು ಸುಳಿಯಿತು.

“ಆ ಗೋಪುರಾನೇ ಸವಾರಿ ಕಣ್ರೀ,” ಎಂದರು.

“ಹಾಗಾದ್ರೆ ಈ ಹಳಿ?”

“ಅದನ್ನ ನೀವೇ ಹೋಗಿ ನೋಡೋರಂತೆ. ಪಂದ್ಯ ಕಟ್ತೀರಾ? ಅದು ಸವಾರಿ ಆಗಿದ್ರೆ ಇನ್ನು ಪೇಪರ್ ವಿಷಯ ನಾನು ಬಾಯಿ ಎತ್ತಲ್ಲ. ಆಗದೆ ಇದ್ರೆ, ನಾವಿರೋವರ್ಗೂ ಪೇಪರು ಮೊದಲು ನನ್ನ ಕೈಗೆ. ಮಡಿಕೆ ಬಿಚ್ಚದೆ.”

“ಕತ್ತರಿ?”

“ಅದು ಕೂಡ ನನ್ನ ಹತ್ರಾನೇ.”

ತನ್ನ ಜೀವಮಾನದ ಏಕೈಕ ಅಧಿಕಾರವನ್ನು ಪಣಕ್ಕಿಡುತ್ತಿರುವ ಮನುಷ್ಯನಲ್ಲಿ ಒಂದು ಕ್ಷಣವಾದರೂ ಅಳುಕು ಹುಟ್ಟಬೇಕು. ರಾಯರಲ್ಲಿ ಹುಟ್ಟಲಿಲ್ಲ. “ಮುನಿರಾಜ್ ಸಾಕ್ಷಿ,” ಎಂದರು. ಮುನಿರಾಜರು ಇಬ್ಬರ ಮುಖವನ್ನೂ ನೋಡಿ, ಸಾಕ್ಷಿಗೆ ಒಪ್ಪದಿದ್ದರೆ ಆಗುವ ಅಪಾಯವೇ ಹೆಚ್ಚೆಂದು ಎಣಿಸಿ ತಲೆಯಾಡಿಸಿದರು.

ಮುಂದಿನ ವಾರಗಳಲ್ಲಿ ಹಾವಿನ ಹಳಿಯ ಸಿದ್ಧಾಂತ ಬಡಾವಣೆಯಲ್ಲೆಲ್ಲ ಹಬ್ಬಿತು. ತಿರುವಿನಲ್ಲಿ ಪೆಟ್ಟಿಗೆ ವಾಲದಿರಲು ಏನು ಮಾಡುತ್ತಾರೆ, ದಪ್ಪನೆಯವರು ಬಂದರೆ ಏನು ಗತಿ, ಸೀರೆಯ ಸೆರಗು ಸಿಕ್ಕಿಕೊಳ್ಳದಂತೆ ಯಾವ ಏರ್ಪಾಡು, ಎಲ್ಲಕ್ಕೂ ರಾಯರಲ್ಲಿ ಉತ್ತರವಿತ್ತು. ಹಾಲಿನ ಬೂತಿನ ಮುಂದೆ ನಿಂತು ಹಾಲಿಲ್ಲದೆ ಮನೆಗೆ ಮರಳಿದ ದಿನಗಳೂ ಇದ್ದವು.

ಉದ್ಘಾಟನೆಯ ದಿನ ಬಂದಿತು. ನೆಲ ಕೊಟ್ಟ ಮನೆತನವೆಂದು ಮುನಿರಾಜರಿಗೆ ಪುಕ್ಕಟೆ ಪಾಸುಗಳು ಬಂದಿದ್ದವು. ರಾಯರು ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟು ಮುಂದೆ ನಡೆದರು. ಶಿವಾಜಿನಗರ, ಫ್ರೇಜರ್ ಟೌನು, ಹಲಸೂರು ಎಲ್ಲವೂ ಎದ್ದು ಬಂದಂತೆ ಜನ. ಚಪ್ಪರದ ಬಾಯಲ್ಲಿ ಕಾವಲುಗಾರನೊಬ್ಬ ಕೈ ತೋರಿಸಿದ; ರಾಯರು ಎರಡು ಕೊಳವೆಗಳ ನಡುವೆ ಪ್ರವೇಶಿಸಿ, ಅಲ್ಲಿಯೇ ನಿಂತರು.

“ಯಾಕೆ ನಿಂತ್ರಿ?” ಎಂದರು ಹಿಂದಿದ್ದ ಶಾಂತಕುಮಾರಿ.

“ಪೆಟ್ಟಿಗೆ ಬರಬೇಕು.”

ಅವರ ಹಿಂದೆ ಮಕ್ಕಳ ದಂಡು ಕಟ್ಟಿಕೊಂಡು ಬಂದಿದ್ದ ಶಿವಾಜಿನಗರದ ಬಿಲ್ಕೀಸ್ ಎಂಬ ಹೆಂಗಸು ಕತ್ತು ಚಾಚಿ, “ಕ್ಯಾ ಪೆಟ್ಟಿಗೆ ಸಾಬ್? ಮುಂದೆ ಎಲ್ಲಾ ಖಾಲಿ ಅದೆ, ನಡೀರಲ್ಲ,” ಎಂದಳು.

ರಾಯರು ನಡೆದರು. ಒಂದು ತಿರುವು ಬಂತು, ತಿರುಗಿದರು. ಇನ್ನೊಂದು ಬಂತು. ಮುಂದಿದ್ದವನ ಬೆನ್ನು ನಿಂತಿತು, ಇವರೂ ನಿಂತರು. ಪಕ್ಕದ ಕೊಳವೆಯಾಚೆ ಆಗಲೇ ಕಂಡಿದ್ದ ಮುಖಗಳು ಎದುರಾಗಿ ಹಾದುಹೋದವು. ತಲೆಯ ಮೇಲೆ ಫ್ಯಾನು ಗಿರಗಿರನೆ ತಿರುಗುತ್ತಿತ್ತು. ಆಗ, ಬಹಳ ನಿಧಾನವಾಗಿ, ಪ್ಲಾಟ್‌ಫಾರಂ ತಪ್ಪಿ ಬಂದ ಗೂಡ್ಸ್ ಗಾಡಿಯಂತೆ, ಸತ್ಯವು ಅವರೊಳಗೆ ಬಂದು ನಿಂತಿತು.

ಇದು ಸವಾರಿಯಲ್ಲ. ಇದು ಸಾಲು.

ಇಲ್ಲಿ ರಾಯರ ಪರವಾಗಿ ಒಂದು ಮಾತು ಹೇಳುವುದು ನ್ಯಾಯ. ಮೂರು ದಶಕ ಅವರು ಕುಳಿತದ್ದು ಕಿಟಕಿಯ ಒಳಗೆ. ಅವರ ಅನುಭವದಲ್ಲಿ ಸಾಲೆಂದರೆ ಕಿಟಕಿಯಲ್ಲಿ ತೂರಿದ ಒಂದು ಕೈ, ಅದರ ಹಿಂದೊಂದು ಮುಖ. ಆ ಮುಖದ ಹಿಂದೆ ಏನಿದೆಯೆಂದು ಎದ್ದು ನೋಡುವ ಅಗತ್ಯ ಬಿದ್ದಿರಲಿಲ್ಲ. ನಿವೃತ್ತಿಯ ನಂತರ ಪಿಂಚಣಿ ನೇರವಾಗಿ ಬ್ಯಾಂಕಿಗೆ ಹೋಗುತ್ತಿತ್ತು. ಸೀಮೆಎಣ್ಣೆಯ ಸಾಲು, ರೇಷನ್ನಿನ ಸಾಲು, ಕರೆಂಟು ಬಿಲ್ಲಿನ ಸಾಲು ಇವೆಲ್ಲ ಮದುವೆಯಾದಂದಿನಿಂದ ಶಾಂತಕುಮಾರಿಯವರ ಇಲಾಖೆ. ಆಕೆ ತಾರಸಿಯ ಮೇಲಿಂದ ಒಂದೇ ನೋಟಕ್ಕೆ ಗುರುತಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಆಕೆ ಈಗ ಏನನ್ನೂ ಹೇಳಲಿಲ್ಲ. ಅದೇ ರಾಯರಿಗೆ ತಡೆಯಲಾಗದ್ದು. ಮಾತಾಡದ ಹೆಂಡತಿಯನ್ನು ಬೆನ್ನ ಹಿಂದಿಟ್ಟುಕೊಂಡು ಇನ್ನೂ ಎಷ್ಟೋ ತಿರುವು ದಾಟಬೇಕಿತ್ತು. ಮೌನವನ್ನು ತುಂಬಲು ಅವರೇ ಮಾತು ಆರಂಭಿಸಿದರು.

“ಮುನಿರಾಜ್, ಇದರ ರಚನೆ ಗಮನಿಸಿದಿರಾ? ನೆಟ್ಟಗೆ ನಿಲ್ಲಿಸಿದ್ರೆ ಈ ಜನ ಕೃಷ್ಣರಾಜಪುರ ಮುಟ್ಟುತ್ತಿದ್ರು. ಮಡಿಸಿ ನಿಲ್ಲಿಸಿದ್ದಾರೆ. ಮಡಿಸಿದ್ರಿಂದ ಏನಾಗುತ್ತೆ? ಗುರಿ ಪ್ರತಿ ತಿರುವಿಗೂ ಹತ್ತಿರ ಬಂದ ಹಾಗೆ ಕಾಣುತ್ತೆ, ಮತ್ತೆ ದೂರ ಹೋಗುತ್ತೆ. ಮನುಷ್ಯ ಆಸೆ ಬಿಡೋದಿಲ್ಲ, ಗಲಾಟೆಯೂ ಮಾಡೋದಿಲ್ಲ.”

“ಹೌದಲ್ಲ ಸಾರ್,” ಎಂದರು ಮುನಿರಾಜರು. “ನಮ್ ಸೈಟಿನ ಖಾತೆ ಕೆಲ್ಸಾನೂ ಹಿಂಗೇ ಆಗಿದ್ದು.”

ಹತ್ತಿರದವರು ನಕ್ಕರು. ರಾಯರಿಗೆ ಹುರುಪು ಬಂತು. ಎದುರು ಸಾಲಿನಲ್ಲಿ ಒಂದೇ ಮುಖವನ್ನು ಮೂರು ಸಲ ಕಂಡರೆ ಅದು ಬಂಧುವಿನ ಮುಖವಾಗುವುದು ಹೇಗೆ, ಫ್ಯಾನನ್ನು ಉದ್ದಕ್ಕೂ ಏಕೆ ಹಾಕಿದ್ದಾರೆ, ಮಕ್ಕಳು ಅಳಲು ಶುರುಮಾಡುವ ಹೊತ್ತಿಗೆ ಸರಿಯಾಗಿ ನೀರಿನ ನಲ್ಲಿ ಬರುವುದರ ಮರ್ಮವೇನು, ಎಂದು ಅವರು ಕೊಡೆಯೆತ್ತಿ ವಿವರಿಸತೊಡಗಿದರು. ಬಿಲ್ಕೀಸಳ ಮಕ್ಕಳು ರಂಪ ಬಿಟ್ಟು ಕೇಳಿದವು. ಹಿಂದಿನವರು “ಸ್ವಲ್ಪ ಜೋರಾಗಿ ಹೇಳಿ ಸಾರ್” ಎಂದರು. ರಾಯರು ಎಷ್ಟು ತನ್ಮಯರಾಗಿದ್ದರೆಂದರೆ, ಶಾಂತಕುಮಾರಿಯವರು ನಲ್ಲಿಯ ಹತ್ತಿರ ಹಿಂದುಳಿದು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಯುವಕನೊಬ್ಬನೊಡನೆ ಮಾತಾಡುತ್ತಿದ್ದುದನ್ನು ಗಮನಿಸಲೇ ಇಲ್ಲ.

ಗೋಪುರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೆಟ್ಟಿಲು ಹತ್ತಿದರು. ತೊಟ್ಟಿಯಲ್ಲೊಂದು ದೋಣಿಯಿತ್ತು, ಅದರಲ್ಲಿ ಕೂರಿಸಿದರು. “ಇದು ಹೆಚ್ಚಾದ ನೀರು ಹರಿಯೋ ತಗಡಲ್ವೇನ್ರೀ?” ಎಂದು ಶಾಂತಕುಮಾರಿ ಮೆತ್ತಗೆ ಕೇಳಿದರು. ಉತ್ತರಕ್ಕೆ ಬಾಯಿ ತೆರೆದ ರಾಯರು ಬಾಯಿ ತೆರೆದಂತೆಯೇ ಕೆಳಗಿನ ಕೊಳ ತಲುಪಿದರು.

ನೀರು ಸೋರುವ ಅಂಗಿಯಲ್ಲಿ ಹುಲ್ಲಿನ ಮೇಲೆ ನಿಂತು ಅವರು ತಮ್ಮ ಕೊನೆಯ ವಾದವನ್ನು ಮಂಡಿಸಿದರು. “ಸವಾರಿ ಅನ್ನೋದನ್ನ ಅಳೆಯೋದು ಕಾಲದಿಂದ. ಆ ದೋಣಿಯಲ್ಲಿ ಕಳೆದದ್ದು ಒಂದು ಸೀನು ಬರುವಷ್ಟು ಹೊತ್ತು. ಹಳಿಗಳ ನಡುವೆ ಇಡೀ ಬೆಳಗ್ಗೆ. ಜನ ನಕ್ಕದ್ದೆಲ್ಲಿ? ಹಳಿಯಲ್ಲಿ. ಪರಸ್ಪರ ಪರಿಚಯವಾದದ್ದೆಲ್ಲಿ? ಹಳಿಯಲ್ಲಿ. ದೋಣಿಯಲ್ಲಿ ಬರಿಯ ಕಿರುಚಾಟ. ಅದು ಹೊರಗೆ ಹೋಗೋ ಬಾಗಿಲು, ಅಷ್ಟೇ. ಸವಾರಿ ಹಳಿಯೇ. ಸಾಕ್ಷಿ ಏನಂತಾರೆ?”

ಸಾಕ್ಷಿ ಲುಂಗಿ ಹಿಂಡಿಕೊಳ್ಳುತ್ತಿದ್ದರು. “ಸಾರ್ ಮಾತಲ್ಲೂ ಪಾಯಿಂಟ್ ಐತೆ ಮೇಡಂ,” ಎಂದರು, ಬಹಳ ಎಚ್ಚರದಿಂದ.

“ಆಯ್ತು,” ಎಂದರು ಶಾಂತಕುಮಾರಿ. “ನೀವೇ ಗೆದ್ರಿ.”

ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ಈ ವಾಕ್ಯ ಆ ಬಾಯಿಂದ ಬಂದದ್ದು ಇದೇ ಮೊದಲು. (ರಾಯರು ಇಲ್ಲಿ ಎಚ್ಚರಗೊಳ್ಳಬೇಕಿತ್ತು.) ತರ್ಕಕ್ಕೆ ಸಲ್ಲಬೇಕಾದ ಗೌರವ ತಡವಾಗಿಯಾದರೂ ಸಂದಿತೆಂದು ಅವರು ಕೊಡೆಯನ್ನು ನೆಟ್ಟಗೆ ಊರಿ ನಿಂತರು.

ಅಷ್ಟರಲ್ಲಿ ಗುರುತಿನ ಚೀಟಿಯ ಯುವಕ ಓಡಿಬಂದ. ಹೆಸರು ಓವೈಸ್, ಉದ್ಯಾನದ ಮೇಲ್ವಿಚಾರಕ. “ಸಾಬ್, ಬೆಳಿಗ್ಗೆಯಿಂದ ಎಲ್ಲಾ ಕ್ಯೂನಲ್ಲೂ ಜಗಳ. ನೀವಿದ್ದ ಕ್ಯೂ ಒಂದೇ ಚುಪ್‌ಚಾಪ್. ಒಬ್ರೂ ಕಂಪ್ಲೇಂಟ್ ಮಾಡ್ಲಿಲ್ಲ. ನೀವು ದಿನಾ ಬಂದು ಹಿಂಗೇ ಮಾತಾಡ್ತೀರಾ? ಗಾಡಿ ಕಳಿಸ್ತೀವಿ, ಊಟ ಕೊಡ್ತೀವಿ.”

ರಾಯರು ಕೂಡಲೇ ಒಪ್ಪಲಿಲ್ಲ. ಒಂದು ಕರಾರು ಹಾಕಿದರು: ತಮ್ಮನ್ನು ‘ಹಳಿ ವಿಭಾಗದ ಗೌರವ ಸಲಹೆಗಾರರು’ ಎಂದು ಕರೆಯಬೇಕು. ಓವೈಸ್ “ಏನ್ ಬೇಕಾದ್ರೂ ಕರೀತೀವಿ ಸಾಬ್” ಎಂದ. ಆ ಮಾತಿನ ಧಾಟಿ ಅಷ್ಟು ಸರಿಯಿರಲಿಲ್ಲ. ಆದರೂ ರಾಯರು ಕೈ ಕುಲುಕಿದರು. ತಮ್ಮ ಸಿದ್ಧಾಂತವನ್ನು ಸಂಸ್ಥೆಯೇ ಅಂಗೀಕರಿಸಿದ ಮೇಲೆ ಧಾಟಿಯ ಮಾತೇಕೆ?

“ಎಷ್ಟು ಹೊತ್ತಿಗೆ ಬರಬೇಕು?”

“ನಮ್ಮ ಸ್ಟಾಫ್ ವ್ಯಾನ್ ಎರಡು ಟ್ರಿಪ್ ಹೊಡೀತದೆ ಸಾಬ್. ಆರೂವರೆಗೊಂದು, ಒಂಬತ್ತಕ್ಕೊಂದು. ಒಂಬತ್ತು ಸಾಕು ಅಂದೆ. ಅಮ್ಮಾನೇ ನಲ್ಲಿ ಹತ್ರ, ಬೇಡ, ಆರೂವರೆ ವ್ಯಾನಿಗೇ ಕರ್ಕೊಂಡು ಹೋಗಿ, ನಮ್ ಯಜಮಾನ್ರಿಗೆ ಬೇಗ ಏಳೋ ಅಭ್ಯಾಸ ಅಂದ್ರು.”

ರಾಯರು ನಿಧಾನವಾಗಿ ಹೆಂಡತಿಯತ್ತ ತಿರುಗಿದರು. ಆಕೆ ಸೆರಗಿನ ನೀರನ್ನು ಹಿಂಡಿ, ಅಚ್ಚುಕಟ್ಟಾಗಿ ಹೊದ್ದುಕೊಳ್ಳುತ್ತಿದ್ದರು.

“ದಿನಾನೂ ಆರೂವರೆಗೇನಾ?” ಎಂದು ರಾಯರು ಕೇಳಿದರು. ಪತ್ರಿಕೆ ಬಾಗಿಲಿಗೆ ಬೀಳುವುದು ಏಳಕ್ಕೆ.

“ದಿನಾ ಇಲ್ಲ ಸಾಬ್,” ಎಂದ ಓವೈಸ್, ಸಮಾಧಾನ ಹೇಳುವವನಂತೆ. “ಸೋಮವಾರ ನಮ್ದು ರಜ.”

“ಮತ್ತೇನು,” ಎಂದರು ಶಾಂತಕುಮಾರಿ. “ಗೆದ್ದೋರು ನೀವಲ್ವೇ. ಸೋಮವಾರದ ಪೇಪರು ಮೊದಲು ನಿಮಗೇ.”