ಬದರಿನಾಥ ಬಾಯಿ ಬಿಟ್ಟ ದಿನ

ಬದರಿನಾಥನ ಅಂದಿನ ಪಜೀತಿಗೆಲ್ಲ ಮೂಲ ಒಂದು ಲೋಟ ನೀರು. ಬೆಳಗ್ಗೆ ಅಡುಗೆಮನೆಯ ನಲ್ಲಿಯಿಂದ ನೇರವಾಗಿ ಹಿಡಿದು ಗಟಗಟನೆ ಕುಡಿದ ಹೆಂಡತಿ ಶಾರದಾ ಲೋಟ ಕೆಳಗಿಟ್ಟು, "ರೀ, ಸಾಯಂಕಾಲ ಮೀಟಿಂಗ್‌ಗೆ ನೀವೂ ಬರ್ಬೇಕು" ಎಂದಳು.

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾಕ್ಕೆ ಬಂದು ವರ್ಷಗಳಾಗಿದ್ದರೂ ಆ ನಲ್ಲಿಯ ಮೇಲೆ ಅವಳಿಗಿದ್ದ ಮೋಹ ಕರಗಿರಲಿಲ್ಲ. ಬೆಂಗಳೂರಿನಲ್ಲಿ ನೀರನ್ನು ಕಾಯಿಸಿ, ಆರಿಸಿ, ಸೋಸಿ, ಆಮೇಲೂ ಅನುಮಾನದಿಂದಲೇ ಕುಡಿದವಳು. ಇಲ್ಲಿ ನಲ್ಲಿ ತಿರುಗಿಸಿದರೆ ಎಳನೀರಿನಷ್ಟು ಸಿಹಿ. ಅದು ಬರುವುದು ಊರಾಚೆಯ ಸರೋವರದಿಂದ. ಆ ಸರೋವರದ ದಂಡೆಯಲ್ಲಿ ಲೋಹಕ್ಕೆ ಗಿಲೀಟು ಹಾಕುವ ಕಾರ್ಖಾನೆಯೊಂದು ತನ್ನ ಶೆಡ್ಡನ್ನು ದೊಡ್ಡದು ಮಾಡಿ, ರಾಸಾಯನಿಕ ತೊಳೆದ ನೀರನ್ನು ಸರೋವರಕ್ಕೇ ಬಿಡಲು ಅನುಮತಿ ಕೇಳಿತ್ತು. ಊರವರ ಅಭಿಪ್ರಾಯ ಕೇಳೋಣವೆಂದು ಕಮ್ಯೂನ್, ಅಂದರೆ ಅಲ್ಲಿನ ನಗರಸಭೆ, ಲೈಬ್ರರಿಯಲ್ಲಿ ಸಭೆ ಕರೆದಿತ್ತು.

"ನನ್ ಸ್ವೀಡಿಷ್ ಬಸ್ ಟಿಕೆಟ್ ತಗೊಳೋಷ್ಟೇ ಇರೋದು" ಎಂದ ಬದರಿನಾಥ.

"ನೀವ್ ಸುಮ್ನೆ ಕೂತ್ಕೊಳ್ಳಿ. ನಾನ್ ಮಾತಾಡ್ತೀನಿ." ಶಿಶುವಿಹಾರದಲ್ಲಿ ಕೆಲಸ ಮಾಡುವ ಶಾರದೆ ಪುಟಾಣಿಗಳೊಂದಿಗೆ ದಿನವಿಡೀ ಜಗಳವಾಡಿ ಆ ಭಾಷೆಯನ್ನು ಅರೆದು ಕುಡಿದಿದ್ದಳು.

ಬದರಿನಾಥ ಸಭೆಗೆ ಹೆದರಿದ್ದು ಭಾಷೆಯ ಕಾರಣಕ್ಕಲ್ಲ. ಹಿಂದಿನ ವರ್ಷದ ಚೌತಿಗೆ ಕನ್ನಡದವರೆಲ್ಲ ಅವನ ಮನೆಯಲ್ಲಿ ಗಣಪನನ್ನು ಕೂರಿಸಿದ್ದರು. ಬೆಂಗಳೂರಿನಿಂದ ವಿಮಾನದಲ್ಲಿ ತೊಡೆಯ ಮೇಲೆ ಕೂತು ಬಂದ ಗಣಪ, ಮೈತುಂಬ ಗುಲಾಬಿ ಬಣ್ಣ, ಕಿರೀಟಕ್ಕೆ ಚಿನ್ನದ ಬಣ್ಣ. ಬಕೆಟ್ಟಿನಲ್ಲಿ ವಿಸರ್ಜಿಸೋಣ ಎಂದು ಶಾರದೆ ಹೇಳಿದಾಗ ಅಲ್ಲಿನ ಕನ್ನಡಿಗರ ಸ್ವಯಂಘೋಷಿತ ಅಧ್ಯಕ್ಷ ನಂದಕುಮಾರ, "ಗಣಪನ್ನ ಬಕೆಟ್‌ಗೆ ಹಾಕ್ತಾರೇನಮ್ಮಾ" ಎಂದು ಎದೆ ಹಿಡಿದುಕೊಂಡಿದ್ದ. ಕೊನೆಗೆ ಶಾರದೆ ಬಟ್ಟೆ ಸುತ್ತಿ ಕೊಟ್ಟ ಮೂರ್ತಿಯನ್ನು ಬದರಿನಾಥನೇ ಒಬ್ಬಂಟಿಯಾಗಿ ಒಯ್ದು, ಸರೋವರದ ದೋಣಿಕಟ್ಟೆಯ ತುದಿಯಲ್ಲಿ ನಿಂತು, ಕಣ್ಣು ಮುಚ್ಚಿ ನೀರಿಗೆ ಬಿಟ್ಟು ಓಡಿ ಬಂದಿದ್ದ. ಅಂದಿನಿಂದ ಅವನು ಮನೆಯಲ್ಲಿ ನೀರು ಕುಡಿಯುವಾಗಲೆಲ್ಲ ಒಮ್ಮೆ ಲೋಟದೊಳಗೆ ಇಣುಕುತ್ತಿದ್ದ. ಕೆಲಸದ ಪರವಾನಗಿ ನವೀಕರಣಕ್ಕೆ ಹೋಗಿತ್ತು. ಕುಡಿಯುವ ನೀರಿಗೆ ಬಣ್ಣ ಕಲಸಿದವನೆಂದು ಗೊತ್ತಾದರೆ ಮುಂದಿನ ವಿಮಾನ ಹತ್ತಿಸುತ್ತಾರೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಈ ಅಳುಕಿನಲ್ಲಿ ಹೆಂಡತಿಯನ್ನು ಆದಷ್ಟು ಖುಷಿಯಾಗಿಡಬೇಕೆಂದು ಅವನು ಸಣ್ಣಪುಟ್ಟ ಸೇವೆಗಳನ್ನೂ ಮಾಡುತ್ತಿದ್ದ. ಹೋದ ತಿಂಗಳು ನೆಲಮಾಳಿಗೆಯ ಉಗ್ರಾಣ ಖಾಲಿ ಮಾಡಿ, ಅಲ್ಲಿದ್ದ ಹಳೆಯ ಪೆಟ್ಟಿಗೆಗಳನ್ನೆಲ್ಲ ಚರ್ಚಿನವರ ಹಳೆ ಸಾಮಾನಿನ ಸಂತೆಗೆ ಕೊಟ್ಟು ಬಂದಿದ್ದ. ಶಾರದೆ ಅದನ್ನಿನ್ನೂ ಗಮನಿಸಿರಲಿಲ್ಲ. ಹೊಗಳಿಕೆ ಬಾಕಿಯಿತ್ತು.

ಮಧ್ಯಾಹ್ನ ಆಫೀಸಿನ ಫೀಕಾ, ಅಂದರೆ ಕಾಫಿ-ಬನ್ನಿನ ಬಿಡುವಿನ ಹೊತ್ತಿನಲ್ಲಿ, ಕಾಫಿ ಹಿಡಿದು ನಿಂತಿದ್ದ ಬದರಿನಾಥನ ಭುಜದ ಮೇಲೆ ಅದೇ ಆಫೀಸಿನ ನಂದಕುಮಾರನ ಕೈ ಬಿತ್ತು. "ಬದರಿ, ಇವತ್ತು ಬಿಡ್ಬಾರ್ದು ಕಣೋ. ಸರೋವರದ ತಳಕ್ಕೆ ಡೈವರ್ ಇಳಿಸಿ ಟೆಸ್ಟ್ ಮಾಡಿಸ್ಬೇಕು. ನೀನೇ ಎದ್ದು ಕೇಳು. ನಾನಿದೀನಿ ನಿನ್ ಹಿಂದೆ."

"ನಂದಣ್ಣ, ತಳದಲ್ಲಿ ನಮ್ ಗಣಪ ಇದಾನೆ."

ನಂದಕುಮಾರ ಬನ್ನನ್ನು ಅಗಿಯುತ್ತಾ ಸ್ವಲ್ಪ ಯೋಚಿಸಿದ. "ನಮ್ ಗಣಪ ಅಂತ ಜನರಲ್ ಆಗಿ ಹೇಳ್ಬೇಡ. ಬಿಟ್ಟಿದ್ದು ನೀನು."

ಸಂಜೆ ಲೈಬ್ರರಿಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಅದನ್ನು ನೋಡಿದ ಕೂಡಲೇ ಬದರಿನಾಥನ ಜೀವ ಹಾರಿತು. ದುಂಡಗೆ ಹಾಕಿದರೆ ಸರದಿ ಎಂದರ್ಥ. ಆ ದೇಶದಲ್ಲಿ ಒಬ್ಬರನ್ನೂ ಬಿಡದೆ ಎಲ್ಲರ ಮಾತು ಕೇಳುತ್ತಾರೆ, ಬೇಡವೆಂದರೂ ಕೇಳುತ್ತಾರೆ.

ಕಮ್ಯೂನ್‌ನ ಅಧಿಕಾರಿ ಬಿರ್ಗಿತ್ತಾ ಸಭೆ ಆರಂಭಿಸಿದಳು. ಕಾರ್ಖಾನೆಯ ಮ್ಯಾನೇಜರ್ ಲೆನಾರ್ಟ್ ಮೃದು ಮಾತಿನ, ಬೆಕ್ಕಿನ ಹೆಜ್ಜೆಯ ಮನುಷ್ಯ. ತಮ್ಮ ನೀರು ನಿರುಪದ್ರವಿ ಎಂದು ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದ. ಮೀನು ಹಿಡಿಯುವ ಮುದುಕನೊಬ್ಬ ತನ್ನ ಸರದಿಯಲ್ಲಿ, "ಮೊದಲು ತಳ ಪರೀಕ್ಷೆ ಆಗಲಿ, ದೋಣಿಕಟ್ಟೆಯ ಹತ್ತಿರದಿಂದಲೇ ಶುರುವಾಗಲಿ" ಎಂದ.

"ಖಂಡಿತ ಆಗಲಿ" ಎಂದ ಲೆನಾರ್ಟ್. "ಅಲ್ಲಿ ಬಣ್ಣವೋ ಲೋಹವೋ ಸಿಕ್ಕರೆ ಯಾರದ್ದು ಅಂತ ತಿಳೀಲಿ."

ಸರದಿ ಬದರಿನಾಥನ ಬಳಿಗೆ ಬಂತು. 'ಹಿಂದಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ' ಎಂಬ ಒಂದು ವಾಕ್ಯವನ್ನು ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಪಕ್ಕದಲ್ಲಿ ಶಾರದೆಯ ಮುಖ ಕಂಡಿತು. ಆ ನೀರಿಗಾಗಿ ಹೋರಾಡಲು ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದವಳು. ನಾಳೆ ಮುಳುಗುಗಾರ ಗುಲಾಬಿ ಬಣ್ಣ ಹಿಡಿದು ಮೇಲೆ ಬಂದರೆ ಅವಳು ತಲೆ ತಗ್ಗಿಸಬೇಕು. ಬಾಯಿಪಾಠ ಮಾಡಿದ ವಾಕ್ಯವನ್ನು ಬಿಟ್ಟು ಅವನು ಎದ್ದು ನಿಂತ.

"ಬಣ್ಣ ನನ್ನದು" ಎಂದ, ತನ್ನ ಬಸ್ ಟಿಕೆಟ್ಟಿನ ಸ್ವೀಡಿಷ್‌ನಲ್ಲಿ. "ನಾನು ನಮ್ಮ ದೇವರನ್ನು ನಿಮ್ಮ ನೀರಿಗೆ ಹಾಕಿದ್ದೇನೆ. ಕ್ಷಮಿಸಿ."

ಅಜ್ಜಿಯೊಬ್ಬಳು ಕನಿಕರದಿಂದ, "ಅವರಿಗೆ ಈಜು ಬರುತ್ತಿತ್ತಾ?" ಎಂದು ಕೇಳಿದಳು. ಬದರಿನಾಥ ಬೆಂಬಲಕ್ಕೆಂದು ಸುತ್ತ ನೋಡಿದರೆ ನಂದಕುಮಾರನ ಕುರ್ಚಿ ಖಾಲಿ. ಅವನು ಬಾಗಿಲ ಬಳಿಯ ಮಕ್ಕಳ ಪುಸ್ತಕವೊಂದನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ.

ಲೆನಾರ್ಟ್‌ನ ಮುಖ ಬೆಳಗಿತು. "ನೋಡಿ, ಊರವರೇ ನೀರಿಗೆ ಬಣ್ಣ ಬಿಡ್ತಾರೆ. ಅದರ ಮುಂದೆ ನಮ್ಮದು ಏನು ಮಹಾ?"

ಬಿರ್ಗಿತ್ತಾ ಗಂಭೀರವಾಗಿ ಬರೆದುಕೊಳ್ಳತೊಡಗಿದಳು. ತನ್ನ ಒಂದು ಮಾತಿನಿಂದ ಸರೋವರವೂ ಹೋಯಿತು, ಪರವಾನಗಿಯೂ ಹೋಯಿತು ಎಂದುಕೊಂಡು ಬದರಿನಾಥ ಕುಸಿದು ಕೂತ. ಆಗ ಶಾರದೆ ಎದ್ದಳು.

"ನನ್ನ ಯಜಮಾನರಿಗೆ ಗೊತ್ತಿಲ್ಲ" ಎಂದಳು ಸ್ಪಷ್ಟವಾದ ಸ್ವೀಡಿಷ್‌ನಲ್ಲಿ. "ಬಣ್ಣದ ಮೂರ್ತಿಯನ್ನ ನಾನು ಎತ್ತಿಟ್ಟೆ. ಇವರು ಬಿಟ್ಟಿದ್ದು ಗೋಧಿಹಿಟ್ಟಿಗೆ ಅರಿಶಿನ ಕಲಸಿ ನಾನು ಮಾಡಿದ ಗಣಪ. ಮೀನುಗಳು ಅವತ್ತೇ ಪ್ರಸಾದ ತಿಂದು ಮುಗಿಸಿರ್ತವೆ." ಆಮೇಲೆ ಲೆನಾರ್ಟ್ ಕಡೆ ತಿರುಗಿದಳು. "ಕೈ ಮುಗಿದ ದೇವರನ್ನೇ ನಾನು ಬಣ್ಣ ಇದೆ ಅಂತ ಆ ನೀರಿಗೆ ಬಿಡಲಿಲ್ಲ. ನಿಮ್ಮ ರಾಸಾಯನಿಕದ ನೀರನ್ನ ಹೇಗೆ ಬಿಡ್ಲಿ?"

ಮೀನು ಹಿಡಿಯುವ ಮುದುಕ ಚಪ್ಪಾಳೆ ಶುರು ಮಾಡಿದ. ಆ ಊರಿನಲ್ಲಿ ಅಷ್ಟು ಜೋರಾದ ಚಪ್ಪಾಳೆ ಫುಟ್‌ಬಾಲಿಗೂ ಬಿದ್ದಿರಲಾರದು. ಪೂರ್ತಿ ಪರೀಕ್ಷೆಯಾಗುವವರೆಗೆ ಅನುಮತಿಯ ಮಾತೇ ಇಲ್ಲವೆಂದು ಬಿರ್ಗಿತ್ತಾ ಘೋಷಿಸಿದಳು. ಬದರಿನಾಥನಿಗೆ ಹೆಂಡತಿಯ ಮೇಲೆ ಉಕ್ಕಿದ ಪ್ರೀತಿಗೆ ಕಣ್ಣಲ್ಲಿ ನೀರೇ ಬಂತು.

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದ, ಕಾಫಿಯ ಮೇಜಿನ ಬಳಿ.

"ಹೇಳಿದ್ರೆ ನೀವು ನಂದಣ್ಣಂಗೆ ಹೇಳ್ತಿದ್ರಿ."

ಅಷ್ಟರಲ್ಲಿ ನಂದಣ್ಣನೇ ಬನ್ನಿನ ಜೊತೆ ಹಾಜರಾಗಿದ್ದ. "ಅಲ್ಲಮ್ಮ ಶಾರದಾ, ಹಾಗಾದ್ರೆ ಬಣ್ಣದ ಗಣಪ ಎಲ್ಲಿ?"

"ನಮ್ ನೆಲಮಾಳಿಗೇಲಿ. ಕುಕ್ಕರ್ ಬಂದಿದ್ ಡಬ್ಬದಲ್ಲಿ ಭದ್ರವಾಗಿದಾನೆ. ಈ ಸಲ ಊರಿಗೆ ಹೋದಾಗ ತಗೊಂಡ್ ಹೋಗೋಣ ಅಂತ."

ಬದರಿನಾಥ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟ. ಸಂತೆಗೆ ಕೊಡುವಾಗ ಕುಕ್ಕರಿನ ಡಬ್ಬವನ್ನು ಅವನು ತೆರೆದೂ ನೋಡಿರಲಿಲ್ಲ.

ಅದೇ ಹೊತ್ತಿಗೆ ಲೆನಾರ್ಟ್ ಬಂದು ಸಂಕೋಚದಿಂದ ನಿಂತ. "ತಪ್ಪು ತಿಳೀಬೇಡಿ. ನಿಮ್ಮ ದೇವರು ಹೇಗಿರ್ತಾರೆ? ಗುಲಾಬಿ ಬಣ್ಣ, ಆನೆ ಮುಖ, ನಾಲ್ಕು ಕೈಯಾ?"

"ಹೌದು. ವಿಘ್ನಗಳನ್ನೆಲ್ಲ ನಿವಾರಿಸೋ ದೇವರು" ಎಂದಳು ಶಾರದೆ.

"ಹಾಗಿದ್ರೆ ಚರ್ಚಿನ ಸಂತೆಯಲ್ಲಿ ನಾನು ಕೊಂಡಿದ್ದು ಅವರನ್ನೇ. ನಮ್ಮ ಆಫೀಸಿನಲ್ಲಿದ್ದಾರೆ. ಅವರು ಬಂದಮೇಲೆ ನಮ್ಮ ಕೆಲಸಗಳೆಲ್ಲ ಸಲೀಸಾಗಿದ್ದವು, ಇವತ್ತಿನವರೆಗೆ."

ಶಾರದೆ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಬಾಕಿಯಿದ್ದ ಹೊಗಳಿಕೆ ಇನ್ನು ಬರುವುದಿಲ್ಲವೆಂದು ಬದರಿನಾಥನಿಗೆ ಖಾತ್ರಿಯಾಯಿತು. "ದಯವಿಟ್ಟು ವಾಪಸ್ ಕೊಡಿ" ಎಂದ ತೊದಲುತ್ತಾ.

"ನನಗೇನೂ ಅಡ್ಡಿಯಿಲ್ಲ" ಎಂದ ಲೆನಾರ್ಟ್. "ಆದರೆ ನಮ್ಮವರಿಗೆಲ್ಲ ಅವರನ್ನ ಕಂಡರೆ ಬಹಳ ಪ್ರೀತಿ. ಫೀಕಾ ಹೊತ್ತಿಗೆ ಮೊದಲ ಬನ್ನು ಅವರಿಗೇ ಇಡ್ತಾರೆ. ಎಲ್ಲರನ್ನೂ ಕೇಳದೆ ನಾನೊಬ್ಬನೇ ತೀರ್ಮಾನ ಮಾಡೋ ಹಾಗಿಲ್ಲ. ಗುರುವಾರ ಸಭೆ ಕರೀತೀನಿ. ಕುರ್ಚಿ ದುಂಡಗೆ ಹಾಕಿಸ್ತೀನಿ. ನೀವು ಬಂದು ನಿಮ್ಮ ವಾದ ಹೇಳಿ."

ಬದರಿನಾಥ ದೈನ್ಯದಿಂದ ಹೆಂಡತಿಯನ್ನು ನೋಡಿದ.

"ಸಂತೆಗೆ ಕೊಟ್ಟಿದ್ದು ನೀವು. ನೀವೇ ಮಾತಾಡಿ" ಎಂದು ಅವಳು ಮೂಲೆಯಲ್ಲಿದ್ದ ನಲ್ಲಿಯ ಕಡೆ ನಡೆದು ಒಂದು ಲೋಟ ನೀರು ಹಿಡಿದುಕೊಂಡಳು.

"ಹೆದರ್ಬೇಡ ಕಣೋ ಬದರಿ" ಎಂದು ನಂದಕುಮಾರ ಅವನ ಭುಜ ತಟ್ಟಿದ. "ನಾನಿದೀನಿ ನಿನ್ ಹಿಂದೆ."