ಕೊಡೆ ನುಂಗಿದ ಮೊಸಳೆಯೂ ನಮ್ಮ ಮನೆಯ ಬಚ್ಚಲೂ

ಇಡೀ ಊರಿಗೆ ನೀರು ಬಿಡುವವನು ನಾನು. ಇದು ಜಂಬವಲ್ಲ ಸ್ವಾಮಿ, ನೌಕರಿ. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬರಬೇಕು, ಯಾವ ಹೊತ್ತಿಗೆ ನಿಲ್ಲಬೇಕು ಎಂದು ನೀರು ಸರಬರಾಜು ಕಚೇರಿಯಲ್ಲಿ ಕೂತು ತೀರ್ಮಾನಿಸುವ ಮೇಲ್ವಿಚಾರಕ. ನಾನು ಒಂದು ವಾಲ್ವ್ ತಿರುಗಿಸಿದರೆ ಸಾಕು, ಮೈಗೆಲ್ಲ ಸೋಪು ಹಚ್ಚಿಕೊಂಡ ಎಂಥ ದೊಡ್ಡ ಮನುಷ್ಯನೂ ಕಣ್ಣು ಮುಚ್ಚಿಕೊಂಡು ನಲ್ಲಿಯ ಕೆಳಗೆ ಕಾಯಬೇಕು! ಇಂಥವನಿಗೆ ಚೋಟುದ್ದದ ಸ್ವಂತ ಮಗಳ ನೀರಿನ ವ್ಯವಸ್ಥೆ ಯಾವ ಲೆಕ್ಕ?

ಹಾಗಂತ ಒಂದು ದಿನ ಊಟಕ್ಕೆ ಕೂತಾಗ ಘೋಷಣೆ ಹೊರಡಿಸಿಯೇಬಿಟ್ಟೆ. "ಗಿಣಿಗೆ ಬಚ್ಚಲಿಗೆ ಹೋಗೋದು ಕಲಿಸೋ ಹೊಣೆ ನನ್ನದು. ನೀನು ಇದಕ್ಕೆ ತಲೆ ಹಾಕಬೇಡ."

"ತಲೆ ಹಾಕಲ್ಲ," ಅಂದಳು ನನ್ನ ಹೆಂಡತಿ, "ನೆಲ ಒರೆಸೋಕೂ ಬರಲ್ಲ."

ಗಿಣಿ ಅಂದರೆ ನಮ್ಮ ಒಬ್ಬಳೇ ಮಗಳು. ಹೇಳಿದ ಮಾತನ್ನು ಹೇಳಿದ ರಾಗದಲ್ಲೇ ತಿರುಗಿ ಒಪ್ಪಿಸುವುದರಿಂದ ಆ ಹೆಸರು ಬಿತ್ತು. ಇನ್ನು ನನ್ನ ಹೆಂಡತಿ ಒಂದು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದವಳು. ಊರಿನವರು ಸಣ್ಣ ಸಣ್ಣ ಶೀಶೆಗಳಲ್ಲಿ ತಂದುಕೊಡುವುದನ್ನು ಪರೀಕ್ಷೆ ಮಾಡಿ, ಸಕ್ಕರೆ ಇದೆ, ಸೋಂಕಿಲ್ಲ ಎಂದು ಹೇಳುವ ಕೆಲಸ. "ನೀನು ಒಳಗೆ ಕಳಿಸ್ತೀಯ, ನಿನ್ನ ಹೆಂಡತಿ ಹೊರಗೆ ಬಂದಿದ್ದನ್ನ ನೋಡ್ತಾಳೆ, ನಿಮ್ಮ ಸಂಸಾರಕ್ಕೆ ನೀರೇ ಆಧಾರ" ಎಂದು ನಮ್ಮ ಕಚೇರಿಯಲ್ಲಿ ಆಡಿಕೊಳ್ಳುವವರಿಗೆ ಬರವಿಲ್ಲ.

ಗಿಣಿ ಹುಟ್ಟಿದಾಗ ಅವಳು ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಈಗ ಪ್ರಯೋಗಾಲಯದವರು ಮತ್ತೆ ಕರೆದಿದ್ದರು. ಮುಂದಿನ ತಿಂಗಳು ಬಂದರೆ ಸರಿ, ಬರದಿದ್ದರೆ ಆ ಕುರ್ಚಿ ಬೇರೆಯವರಿಗೆ. ಅವಳು ಹೋಗಬೇಕಾದರೆ ಗಿಣಿ ಶಿಶುವಿಹಾರ ಸೇರಬೇಕು. ಶಿಶುವಿಹಾರದ ಟೀಚರಮ್ಮ ಖಡಾಖಂಡಿತವಾಗಿ ಹೇಳಿದ್ದರು, ಚಡ್ಡಿ ಒದ್ದೆ ಮಾಡಿಕೊಳ್ಳುವ ಮಗುವಿಗೆ ನಮ್ಮಲ್ಲಿ ಜಾಗವಿಲ್ಲ ಎಂದು. "ದಿನಾ ಬೆಳಿಗ್ಗೆ ಮನೇಲೇ ಒಂದು ಸಲ ಕೂರಿಸಿ ಕಳಿಸಿ" ಎನ್ನುವುದು ಅವರು ಪ್ರತಿ ತಾಯಿತಂದೆಗೂ ಹೇಳುವ ಮಂತ್ರ. ಅಂತೂ ನನ್ನ ಹೆಂಡತಿಯ ನೌಕರಿ ಹೋಗಿ ಹೋಗಿ ಗಿಣಿಯ ಚಡ್ಡಿಯಲ್ಲಿ ಸಿಕ್ಕಿಕೊಂಡಿತ್ತು. ಕೆಲಸದ ಬಿಳಿ ಕೋಟನ್ನು ಅವಳು ಆಗಲೇ ಒಗೆದು, ಇಸ್ತ್ರಿ ಮಾಡಿ, ಬಾಗಿಲ ಹಿಂದೆ ತೂಗುಹಾಕಿದ್ದಳು.

ನಾನು ಕೆಲಸಕ್ಕಿಳಿದೆ. ನನ್ನ ವಿಧಾನ ಸರಳ. ಗಿಣಿ ತನ್ನ ಪುಟ್ಟ ಪೀಠದ ಮೇಲೆ, ನಾನು ಎದುರಿಗೆ ಬೋರಲು ಹಾಕಿದ ಬಕೆಟ್ ಮೇಲೆ. "ಅವಸರ ಮಾಡ್ಬೇಡ, ನಿಧಾನವಾಗಿ ಕೂತ್ಕೋ. ನಾನಿದೀನಿ" ಎಂದು ಧೈರ್ಯ ಹೇಳುವುದು. ನಡುನಡುವೆ "ಬಂತಾ?" ಎಂದು ವಿಚಾರಿಸುವುದು. ಬಂದರೆ, ಮನೆಯಲ್ಲಿ ಯಾರಿದ್ದರೂ, ಏನೇ ಕೆಲಸದಲ್ಲಿದ್ದರೂ, ಬಚ್ಚಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುವುದು. ವಿದ್ಯುತ್ ಮೀಟರು ನೋಡಲು ಬಂದವನೂ ಒಮ್ಮೆ ತಟ್ಟಿ ಹೋಗಿದ್ದಾನೆ.

ಆದರೆ ಸುಮ್ಮನೆ ಕೂರು ಅಂದರೆ ಮಗು ಎಷ್ಟು ಹೊತ್ತು ಕೂತೀತು? ಅದಕ್ಕೇ ಒಂದು ಕತೆ ಶುರು ಮಾಡಿದೆ. ಒಂದೂರಲ್ಲಿ ಒಂದು ಮೊಸಳೆ, ಅದು ಯಾರದೋ ಕೊಡೆಯನ್ನು ನುಂಗಿಬಿಟ್ಟಿತು, ಹೊಟ್ಟೆಯೊಳಗೆ ಕೊಡೆ ಪಟ್ಟನೆ ಬಿಚ್ಚಿಕೊಂಡಿತು. ಈಗ ಮೊಸಳೆ ತನ್ನ ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡು, ಒಳಗೂ ಹೋಗಲಾರದು, ಹೊರಗೂ ಬರಲಾರದು. ಗಿಣಿ ಉಸಿರು ಬಿಗಿಹಿಡಿದು ಕೇಳಿದಳು. ಆ ಹೊತ್ತಿಗೆ ಅವಳ ಕೆಲಸವೂ ಆಯಿತು. ನಾನು ಎದ್ದು ನಿಂತು, "ಮುಂದಿನದು ಮುಂದಿನ ಸಲ" ಎಂದು ನೀರು ಹಾಕಿದೆ.

ಅಬ್ಬಾ, ಏನು ಫಲಿತಾಂಶ! ಒಂದೇ ವಾರದಲ್ಲಿ ಮನೆಯ ನೆಲವೆಲ್ಲ ಒಣಗಿತು. ನಾನು ಮೀಸೆ ತಿರುವಿದೆ. ಕಚೇರಿಯಲ್ಲಿ ಎಳೆ ಮಕ್ಕಳಿರುವವರನ್ನು ಹುಡುಕಿ ಹುಡುಕಿ ಉಪದೇಶ ಕೊಟ್ಟೆ. ಒಬ್ಬ ಗುಮಾಸ್ತನಂತೂ ನನ್ನನ್ನು ಕಂಡರೆ ಮೆಟ್ಟಿಲಿಳಿದು ಹೋಗತೊಡಗಿದ.

ಎರಡನೆಯ ವಾರ ಗಿಣಿ ಬೆಳಿಗ್ಗೆ ಹಾಲು ಕುಡಿದು "ಸುಸ್ಸು" ಅಂದಳು. ಹೋಗಿ ಬಂದೆವು. ಅವಳಮ್ಮ ಜಡೆ ಹಾಕುವಷ್ಟರಲ್ಲಿ "ಸುಸ್ಸು". ಹೋಗಿ ಬಂದೆವು. ನಾನು ಒಂದು ಕಾಲಿಗೆ ಷೂ ಹಾಕಿದ್ದೆ, ಇನ್ನೊಂದಕ್ಕೆ ಹಾಕುವ ಮೊದಲು ಮತ್ತೆ "ಸುಸ್ಸು". ಬಸ್ಸಿನಲ್ಲಿ ಸುಸ್ಸು, ಬ್ಯಾಂಕಿನ ಸಾಲಿನಲ್ಲಿ ನಮ್ಮ ಸರದಿ ಬಂತು ಅನ್ನುವಾಗ ಸುಸ್ಸು. ಚಪ್ಪಲಿ ಅಂಗಡಿಯವನು ತನ್ನ ಗೋದಾಮಿನ ಹಿಂದಿನ ಖಾಸಗಿ ಬಚ್ಚಲನ್ನೇ ನಮಗೆ ಬಿಟ್ಟುಕೊಟ್ಟ. ಮೂರನೆಯ ಸಲ ಹೊರಟಾಗ, ಚಪ್ಪಲಿ ತೊಗೊಳ್ತೀರೋ, ಇಲ್ಲೇ ಮನೆ ಮಾಡ್ತೀರೋ ಎಂದು ಸಮಾಧಾನವಾಗಿಯೇ ಕೇಳಿದ. ಹೋದಲ್ಲೆಲ್ಲ ಬರುವುದು ನಾಲ್ಕು ಹನಿ. ಚಪ್ಪಾಳೆ ತಟ್ಟಿ ತಟ್ಟಿ ನನ್ನ ಹೆಂಡತಿಯ ಅಂಗೈ ಕೆಂಪಾಯಿತು.

ನನ್ನೊಳಗಿನ ಮೇಲ್ವಿಚಾರಕ ಎಚ್ಚೆತ್ತ. ಇದು ಒತ್ತಡದ ಸಮಸ್ಯೆ, ಒಳಹರಿವು ಕಡಿಮೆ ಮಾಡಬೇಕು ಎಂದು ಗಿಣಿಯ ನೀರಿನ ಲೋಟವನ್ನು ಮೇಲಿನ ಅಟ್ಟಕ್ಕೆ ಎತ್ತಿಟ್ಟೆ. ಹೆಂಡತಿ ಅದನ್ನು ಅಲ್ಲಿಂದ ಇಳಿಸಿ, ತುಂಬಿಸಿ, ಮಗಳ ಕೈಗೆ ಕೊಟ್ಟಳು. "ಇದು ಮಗು, ನಿಮ್ಮ ಮೂರನೇ ಅಡ್ಡರಸ್ತೆ ಅಲ್ಲ. ನೀರು ಕಡಿಮೆ ಮಾಡಿದ್ರೆ ನಿಜವಾಗಿ ಕಾಯಿಲೆ ಬರುತ್ತೆ. ನಡೀರಿ ಡಾಕ್ಟರ ಹತ್ರ," ಅಂದಳು. ಆ ಹೊತ್ತಿಗೆ ಅವಳ ಮುಖ ಸಪ್ಪಗಾಗಿತ್ತು, ನನಗೂ ಒಳಗೊಳಗೇ ಹೆದರಿಕೆ ಹುಟ್ಟಿತ್ತು. ಮಗಳಿಗೆ ಏನಾದರೂ ಆಗಿದ್ದರೆ ಅನ್ನುವ ಯೋಚನೆಯ ಮುಂದೆ ವಾಲ್ವೂ ಇಲ್ಲ, ಮೀಸೆಯೂ ಇಲ್ಲ.

ಡಾಕ್ಟರಮ್ಮ ಒಂದು ಶೀಶೆ ಕೊಟ್ಟು, ಇದರಲ್ಲಿ ಸ್ವಲ್ಪ ಹಿಡಿದು ತನ್ನಿ ಅಂದರು. ಇಷ್ಟೇ ತಾನೇ, ನಮ್ಮಲ್ಲಿ ಸರಬರಾಜಿಗೆ ಏನು ಕಡಿಮೆ ಎಂದು ನಾನು ನಕ್ಕೆ. ಶೀಶೆ ಕಂಡದ್ದೇ ತಡ, ಗಿಣಿ ಬಾಯಿ ಮುಚ್ಚಿಕೊಂಡಳು, ಉಳಿದದ್ದನ್ನೂ ಮುಚ್ಚಿಕೊಂಡಳು. ಹತ್ತು ನಿಮಿಷಕ್ಕೊಮ್ಮೆ ಓಡುತ್ತಿದ್ದ ಮಗು ಮಧ್ಯಾಹ್ನದ ತನಕ ಆ ಆಸ್ಪತ್ರೆಯ ಬೆಂಚಿನ ಮೇಲೆ ಶಿಲಾಬಾಲಿಕೆಯಾಗಿ ಕೂತಿತು. ಕೊನೆಗೆ ಅಮ್ಮನೇ ಬಚ್ಚಲಿಗೆ ಕರೆದುಕೊಂಡು ಹೋಗಿ, ನಲ್ಲಿ ಸಣ್ಣಗೆ ಬಿಟ್ಟು, ಕೆಲಸ ಸಾಧಿಸಿದಳು. ಪರೀಕ್ಷೆಯೂ ಅವಳ ಹಳೆಯ ಪ್ರಯೋಗಾಲಯದಲ್ಲೇ ಆಯಿತು. ಸೋಂಕಿಲ್ಲ, ಸಕ್ಕರೆಯಿಲ್ಲ, ಎಲ್ಲ ಸ್ವಚ್ಛ.

"ರಾತ್ರಿ ನಿದ್ದೇಲಿ ಏಳ್ತಾಳಾ?" ಎಂದು ಕೇಳಿದರು ಡಾಕ್ಟರಮ್ಮ.

ಇಲ್ಲ, ಬೆಳಗಿನ ತನಕ ಗಡದ್ದಾಗಿ ಮಲಗುತ್ತಾಳೆ, ಹಾಸಿಗೆಯೂ ಒಣ ಅಂದೆವು.

"ಹಾಗಾದ್ರೆ ದೇಹಕ್ಕೇನೂ ಆಗಿಲ್ಲ. ಬಚ್ಚಲಲ್ಲಿ ಅವಳಿಗೆ ಏನೋ ಸಿಗ್ತಾ ಇದೆ. ಅದೇನು ಅಂತ ನೀವೇ ಯೋಚನೆ ಮಾಡಿ," ಎಂದು ನಮ್ಮನ್ನು ಕಳಿಸಿಬಿಟ್ಟರು.

ನಾನು ಯೋಚಿಸಿದೆ. ಬಚ್ಚಲಲ್ಲಿ ಏನು ಸಿಗುತ್ತದೆ? ಸೋಪು, ಚೊಂಬು, ಬಕೆಟ್. ಬಕೆಟ್ ಮೇಲೆ ಕೂತಿರುತ್ತಿದ್ದ ನಾನೇ ನನಗೆ ಹೊಳೆಯಲಿಲ್ಲ.

ಹೊಳೆಯಿಸಿದವರು ಶಿಶುವಿಹಾರದ ಟೀಚರಮ್ಮ. ಒಂದು ವಾರ ಪರೀಕ್ಷಾರ್ಥವಾಗಿ ಸೇರಿಸಿಕೊಂಡಿದ್ದರು. ಮೊದಲ ದಿನವೇ ಮಧ್ಯಾಹ್ನ ಅವರ ಫೋನು. ನಿಮ್ಮ ಮಗಳು ಬೆಳಗಿನಿಂದ ಬಚ್ಚಲಿಗೂ ತರಗತಿಗೂ ಓಡಾಡುತ್ತಲೇ ಇದ್ದಾಳೆ, ಆಯಮ್ಮನ ಮಂಡಿ ಹಿಡಿದುಕೊಂಡಿದೆ ಅಂದರು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ವಿಷಯ. ಅವಳು ಸುಮ್ಮನೆ ಕೂತು, ಆಯಮ್ಮನ ಮುಖ ನೋಡಿ, 'ಆಮೇಲೆ?' ಅಂತಾಳೆ. ಆಯಮ್ಮ 'ಆಮೇಲೆ ಏನೇ?' ಅಂದ್ರೆ ಅಳ್ತಾಳೆ. ನಿಮ್ಮ ಮನೇಲಿ ಬಚ್ಚಲಲ್ಲಿ ಆಮೇಲೆ ಏನಾಗುತ್ತೆ?" ಎಂದು ಕೇಳಿದರು.

ಫೋನು ಜೋರು ದನಿಯಲ್ಲಿತ್ತು. ಹೆಂಡತಿ ಎದುರಿಗೇ ಇದ್ದಳು. ನಾನು ಫೋನಿಟ್ಟು ಗೋಡೆ ನೋಡಿದೆ. ಅವಳು ನನ್ನನ್ನು ನೋಡಿದಳು.

"ಮೊಸಳೆ ಎಲ್ಲಿವರೆಗೆ ಬಂದಿದೆ?" ಎಂದು ಬಹಳ ಮೆತ್ತಗೆ ಕೇಳಿದಳು.

"ಬಾಗಿಲಲ್ಲೇ ಇದೆ," ಅಂದೆ. "ಈಗ ಘೇಂಡಾಮೃಗ ಬಂದು ತಳ್ಳಿ ನೋಡಿದೆ."

"ಒಂದು ಸಲಕ್ಕೆ ಒಂದು ಕಂತು. ಅಲ್ವಾ?"

ತಲೆಯಾಡಿಸಿದೆ. ಮಗು ಸುಸ್ಸುವಿಗೆ ಹೋಗುತ್ತಿರಲಿಲ್ಲ, ಮೊಸಳೆಗೆ ಹೋಗುತ್ತಿತ್ತು. ಕಾಯಿಲೆಯ ಮೂಲವೇ ವೈದ್ಯನ ವೇಷ ಹಾಕಿಕೊಂಡು ಬಕೆಟ್ ಮೇಲೆ ಕೂತಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ," ಅಂದಳು ಹೆಂಡತಿ. ಬಾಗಿಲ ಹಿಂದಿನ ಬಿಳಿ ಕೋಟನ್ನು ಅವಳು ಒಮ್ಮೆ ಮುಟ್ಟಿ ನೋಡಿಕೊಂಡಳು. ನನಗೆ ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಅಂದೇ ಸಂಜೆ ಮುಖ್ಯ ವಾಲ್ವ್ ಬಂದ್ ಮಾಡಿದೆ. ಇನ್ನು ಮೇಲೆ ಕತೆಯಿಲ್ಲ, ಬಕೆಟ್ ಇಲ್ಲ. ಗಿಣಿ ಎರಡು ಸಲ ಪೀಠದ ಮೇಲೆ ಕೂತು "ಆಮೇಲೆ?" ಅಂದಳು. ನಾನು ಬಾಗಿಲಾಚೆ ನಿಂತು ಕಲ್ಲು ಮನಸ್ಸು ಮಾಡಿಕೊಂಡೆ. ಮೂರನೆಯ ಸಲ ಅವಳು ಬಚ್ಚಲ ಕಡೆಗೆ ಬರಲೇ ಇಲ್ಲ. ಮರುದಿನದಿಂದ ಎಲ್ಲ ಮಕ್ಕಳ ಹಾಗೆ ಹೋಗಿ ಬರತೊಡಗಿದಳು. ನೋಡಿದೆಯಾ ನನ್ನ ನಿಯಂತ್ರಣ ಎಂದು ಮತ್ತೆ ಮೀಸೆಗೆ ಕೈ ಹಾಕಿದೆ. ಹೆಂಡತಿ ನೆಲ ಒರೆಸುವ ಬಟ್ಟೆಯನ್ನು ನನ್ನ ಕೈಗೆಟಕುವಲ್ಲೇ ಇಟ್ಟಳು. ಅವಳಿಗೆ ಅನುಭವ ಜಾಸ್ತಿ.

ಗುರುವಾರ ಮತ್ತೆ ಟೀಚರಮ್ಮನ ಫೋನು. ನಿಮ್ಮ ಮಗಳು ಸರಿಹೋಗಿದ್ದಾಳೆ ಅಂದರು. ನಾನು ಧನ್ಯವಾದ ಹೇಳಲು ಬಾಯಿ ತೆರೆದೆ. "ಉಳಿದ ಮಕ್ಕಳೆಲ್ಲ ಕೆಟ್ಟಿದ್ದಾರೆ," ಅಂದರು.

ಆದದ್ದಿಷ್ಟು. ಅಪ್ಪ ನಿಲ್ಲಿಸಿದ ಸರಬರಾಜನ್ನು ಮಗಳು ವಹಿಸಿಕೊಂಡಿದ್ದಳು. ಬಚ್ಚಲಿಗೆ ಹೋದ ಪ್ರತಿ ಮಗುವಿನ ಎದುರಿಗೆ ಬಕೆಟ್ ಬೋರಲು ಹಾಕಿ ಕೂತು, ಮೊಸಳೆಯ ಕತೆಯನ್ನು ಚೂರೇ ಚೂರು ಹೇಳಿ, ನನ್ನದೇ ರಾಗದಲ್ಲಿ "ಮುಂದಿನದು ಮುಂದಿನ ಸಲ" ಎಂದು ಎದ್ದುಬಿಡುತ್ತಿದ್ದಳು. ಈಗ ತರಗತಿಯಲ್ಲಿ ಹಾಡಿಲ್ಲ, ಆಟವಿಲ್ಲ, ಬಚ್ಚಲ ಮುಂದೆ ಸಾಲು. ಬೇರೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗತೊಡಗಿದ್ದರು. "ನಾಳೆ ಬಂದು ಆ ಕತೆ ಮುಗಿಸಿಕೊಡಿ. ಎಲ್ಲರ ಎದುರಿಗೆ, ತರಗತಿಯಲ್ಲಿ. ಇಲ್ಲದಿದ್ರೆ ನಿಮ್ಮ ಮಗು ಇನ್ನೊಂದು ವರ್ಷ ಮನೇಲೇ ಇರಲಿ," ಅಂದರು.

ಮಾರನೆಯ ದಿನ ಮೂವರೂ ಹೋದೆವು. ನನ್ನ ಕಷ್ಟ ಏನೆಂದರೆ, ಆ ಕತೆಯ ಕೊನೆ ನನಗೇ ಗೊತ್ತಿರಲಿಲ್ಲ. ಕಂತಿನಲ್ಲಿ ಹೇಳುವವನು ಕೊನೆಯ ಚಿಂತೆ ಯಾಕೆ ಮಾಡುತ್ತಾನೆ? ಮೊಣಕಾಲು ಕಿವಿಗೆ ತಾಗುವಷ್ಟು ಪುಟ್ಟ ಕುರ್ಚಿಯ ಮೇಲೆ ನನ್ನನ್ನು ಕೂರಿಸಿದರು. ಎದುರಿಗೆ ಇಡೀ ತರಗತಿ, ಹಿಂದೆ ಟೀಚರಮ್ಮ, ಆಯಮ್ಮ, ನನ್ನ ಹೆಂಡತಿ. ನೀರಿನವನಿಗೆ ಹೆದರಿಕೆಯಾದಾಗ ನೀರೇ ದಿಕ್ಕು. ಆಯಮ್ಮ ತಂದಿಟ್ಟ ಹೂಜಿಯನ್ನು ಪೂರ್ತಿ ಖಾಲಿ ಮಾಡಿ ಶುರು ಹಚ್ಚಿಕೊಂಡೆ.

ಘೇಂಡಾಮೃಗ ತಳ್ಳಿತು, ಇಲಿ ಎಳೆಯಿತು, ಬಡಗಿ ಬಂದು ಬಾಗಿಲಿನ ಅಳತೆ ತೆಗೆದ. ಮಕ್ಕಳು ಮಿಸುಕಲಿಲ್ಲ. ಕತೆ ಉದ್ದವಾಗುತ್ತ ಹೋಯಿತು, ಕೊನೆ ಮಾತ್ರ ಹತ್ತಿರ ಬರಲಿಲ್ಲ. ಹತ್ತಿರ ಬಂದದ್ದು ಬೇರೆ. ಹೂಜಿ ತನ್ನ ಕೆಲಸ ತೋರಿಸತೊಡಗಿತ್ತು. ಕಾಲ ಮೇಲೆ ಕಾಲು ಹಾಕಿದೆ. ಕಾಲು ಬದಲಿಸಿದೆ. "ಆಗ ಮೊಸಳೆ ದೊಡ್ಡದಾಗಿ ಬಾಯಿ ತೆರೆದು..." ಎನ್ನುವಷ್ಟರಲ್ಲಿ ಇನ್ನು ಸಾಧ್ಯವಿಲ್ಲ ಅನ್ನಿಸಿತು. "ಒಂದೇ ನಿಮಿಷ" ಎಂದು ಎದ್ದು ಓಡಿದೆ.

ಬಾಗಿಲು ಹಾಕಿಕೊಂಡ ಮೇಲೆ ಗೊತ್ತಾಯಿತು, ನಾನು ಒಬ್ಬನೇ ಬಂದಿರಲಿಲ್ಲ ಎಂದು. ಹೊರಗೆ ಪುಟ್ಟ ಪುಟ್ಟ ಕಾಲುಗಳ ಸದ್ದು ಬಂದು ನಿಂತಿತು. ಬಕೆಟ್ ಎಳೆದು ಬೋರಲು ಹಾಕಿದ ಸದ್ದೂ ಕೇಳಿಸಿತು. ಆಮೇಲೆ ಗಿಣಿಯ ದನಿ.

"ಅವಸರ ಮಾಡ್ಬೇಡ ಅಪ್ಪಾ, ನಿಧಾನವಾಗಿ ಕೂತ್ಕೋ. ನಾನಿದೀನಿ."

ಇಡೀ ಊರಿನ ನೀರನ್ನು ಬೆರಳ ತುದಿಯಲ್ಲಿ ಹಿಡಿದವನಿಗೆ ಒಂದು ಹನಿಯೂ ಬರಲಿಲ್ಲ. ಹೊರಗೆ ಯಾವುದೋ ಮಗು "ಆಮೇಲೆ?" ಅಂದಿತು. ಗಿಣಿ ಸ್ವಲ್ಪವೂ ತಡವರಿಸಲಿಲ್ಲ. "ಮೊಸಳೆ ಸೀನಿತು. ಕೊಡೆ ಹೊರಗೆ ಬಂತು. ಕತೆ ಮುಗೀತು," ಅಂದಳು. ಮೂರು ವಾರದಿಂದ ನನಗೆ ಹೊಳೆಯದ ಕೊನೆ! ಮಕ್ಕಳೆಲ್ಲ ಹಾಯಾಗಿ ಉಸಿರು ಬಿಟ್ಟರು. ಆಮೇಲೆ ಬಾಗಿಲು ತಟ್ಟಿದಳು.

"ಬಂತಾ ಅಪ್ಪಾ?"

ಉತ್ತರ ಪಡೆಯದೆ ಬಿಡುವ ಮಗಳಲ್ಲ. ಮತ್ತೊಮ್ಮೆ ಕೇಳಿದಳು. ಕೊನೆಗೂ ಆದ ಮೇಲೆ, "ಬಂತಮ್ಮ" ಎಂದು ಒಳಗಿಂದ ಒಪ್ಪಿಕೊಂಡೆ. ಹೊರಗೆ ಇಡೀ ಶಿಶುವಿಹಾರ ಚಪ್ಪಾಳೆ ತಟ್ಟಿತು. ಬಾಗಿಲು ತೆರೆದಾಗ ಆಯಮ್ಮನೂ ತಟ್ಟುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನನ್ನ ಹೆಂಡತಿ ತಟ್ಟುತ್ತಿದ್ದಳು, ನಗು ತಡೆಯಲಾರದೆ ಕಣ್ಣಲ್ಲಿ ನೀರು ತುಂಬಿಕೊಂಡು.

ಟೀಚರಮ್ಮ ಮಾತ್ರ ನಗಲಿಲ್ಲ. ನನ್ನನ್ನು ದಾಟಿ ನೇರವಾಗಿ ಅವಳ ಹತ್ತಿರ ಹೋಗಿ ಹೇಳಿದರು:

"ಸೋಮವಾರದಿಂದ ನೀವು ಧೈರ್ಯವಾಗಿ ಕೆಲಸಕ್ಕೆ ಹೋಗಿ. ಮಗಳ ಬಗ್ಗೆ ನನಗೆ ಚಿಂತೆಯಿಲ್ಲ. ಇವರನ್ನ ಮಾತ್ರ ಮನೇಲೇ ಒಂದು ಸಲ ಕೂರಿಸಿ ಕಳಿಸಿ."